ಹಿತ್ತಲ ಕೋಣೆಗೆ ನೆಟ್ ಹರಿಸಿದ್ದು

ತನಗೆ ತಿಳಿದ ವಿದ್ಯೆಯನ್ನು ಮನುಷ್ಯ ಎಲ್ಲಿ ಬೇಕಾದರೂ ಪ್ರದರ್ಶಿಸಲಿ, ಮನೆಯಲ್ಲಿ ಮಾತ್ರ ಬೇಡ. ಹೊರಗಿನವರು ಕೈಕಟ್ಟಿ ನಿಂತು ಕೇಳುವ ಮಾತನ್ನು ಮನೆಯವರು, “ಅದಿರ್ಲಿ, ಮೊದ್ಲು ಕುಕ್ಕರ್ ಇಳಿಸ್ರಿ” ಎಂದು ಅರ್ಧಕ್ಕೇ ಕತ್ತರಿಸುತ್ತಾರೆ. ನಾನು ಹೊಸಪೇಟೆಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ವಿದ್ಯುತ್ಕಾಂತೀಯ ತರಂಗಗಳ ಪಾಠವನ್ನು ಪುಸ್ತಕ ತೆರೆಯದೆ ಮಾಡಬಲ್ಲೆ. ಕಣ್ಣನ್ನೂ ತೆರೆಯದೆ ಮಾಡುತ್ತೇನೆಂದು ನನ್ನ ವಿದ್ಯಾರ್ಥಿಗಳು ಹೇಳುವುದುಂಟು. ಅವರೂ ಆಗ ಕಣ್ಣು ಮುಚ್ಚಿರುತ್ತಾರಾದ್ದರಿಂದ ಅದು ನಂಬತಕ್ಕ ಸಾಕ್ಷ್ಯವಲ್ಲ. ಇಂಥ ಮೇಷ್ಟರ ಸ್ವಂತ ಮನೆಯಲ್ಲಿ ವೈಫೈ ಎಂಬುದು ನಡುಮನೆಗೇ ಬಂದು ನಿಂತುಬಿಡುತ್ತಿತ್ತು ಎಂದು ಒಪ್ಪಿಕೊಳ್ಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮದು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಕೋಣೆಗಳಿರುವ ಹಳೆಯ ಮನೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಲ ಕೋಣೆ. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿವೆ. ಬೀದಿಯಲ್ಲಿ ನಿಂತವರಿಗೆ ನಮ್ಮ ಹಿತ್ತಲ ಬೇವಿನಮರ ಕಾಣುತ್ತದೆ. ಗೋಡೆಗಳು ಕಲ್ಲಿನವು, ಎರಡಡಿ ದಪ್ಪ. ಹೊಸಪೇಟೆಯ ಬಿಸಿಲನ್ನು ಹೊರಗೇ ನಿಲ್ಲಿಸಲು ಕಟ್ಟಿದ ಗೋಡೆಗಳು ವೈಫೈಯನ್ನು ಒಳಗೆ ಬಿಡುವುದಿಲ್ಲವೆಂದರೆ ಅವುಗಳನ್ನು ದೂರಿ ಫಲವಿಲ್ಲ. ಫೋನು ಬಂದರೆ ಎಲ್ಲರೂ ಪಡಸಾಲೆಗೆ ಓಡಿ ಬರುವುದನ್ನು ರೂಢಿ ಮಾಡಿಕೊಂಡಿದ್ದೆವು. ನನಗಂತೂ ಯಾವ ತೊಂದರೆಯೂ ಇರಲಿಲ್ಲ, ಏಕೆಂದರೆ ರೌಟರ್ ಇದ್ದದ್ದು ನನ್ನ ಕುರ್ಚಿಯ ಪಕ್ಕದಲ್ಲಿ, ಟಿವಿಯ ಹಿಂದಿನ ಗೂಡಿನಲ್ಲಿ. ಅಲ್ಲಿ ಇಡಿಸಿದವನೂ ನಾನೇ.

ತೊಂದರೆ ಶುರುವಾದದ್ದು ನನ್ನ ಹೆಂಡತಿ ಗಿರಿಜಾ ಆನ್‌ಲೈನ್ ತರಗತಿ ನಡೆಸುವುದೆಂದು ತೀರ್ಮಾನಿಸಿದಾಗ. ಸಂಡೂರಿನ ಹತ್ತಿರದ ತಾಂಡಾದ ಸೋಮ್ಲೀಬಾಯಿ ಎಂಬಾಕೆಯಿಂದ ಅವಳು ಲಂಬಾಣಿ ಕಸೂತಿ ಕಲಿತಿದ್ದಳು. ಸೋಮ್ಲೀಬಾಯಿಗೆ ಅರವತ್ತರ ಹತ್ತಿರ. ಅವರ ಕೈಯಲ್ಲಿ ಬಟ್ಟೆ, ಸೂಜಿ, ಕನ್ನಡಿಯ ಬಿಲ್ಲೆ ಸೇರಿದವೆಂದರೆ ನೋಡುತ್ತಾ ಕುಳಿತವರು ಒಲೆಯ ಮೇಲಿನ ಹಾಲು ಮರೆಯುತ್ತಾರೆ. ಇಂಥ ವಿದ್ಯೆ ನಾಲ್ಕು ಜನಕ್ಕೆ ಹೋಗಬೇಕು, ಸೋಮ್ಲೀಬಾಯಿಯವರೇ ಹೇಳಿಕೊಡಬೇಕು, ತಾನು ಪಕ್ಕದಲ್ಲಿ ಕುಳಿತು ವಿವರಿಸಬೇಕು ಎಂಬುದು ಗಿರಿಜಳ ಆಸೆ. ಬೇರೆ ಬೇರೆ ಊರಿನ ಹನ್ನೆರಡು ಹೆಂಗಸರು ಹೆಸರು ಕೊಟ್ಟರು. ಕಸೂತಿಗೆ ಬೆಳಕು ಬೇಕು, ಒಳ್ಳೆಯ ಬೆಳಕಿರುವುದು ಹಿತ್ತಲ ಕೋಣೆಯ ಕಿಟಕಿಯಲ್ಲಿ ಮಾತ್ರ. ನೆಟ್ ಇಲ್ಲದಿರುವುದೂ ಅಲ್ಲಿಯೇ.

“ನೀವು ಫಿಜಿಕ್ಸ್ ಮೇಷ್ಟ್ರಲ್ರೀ, ಏನರ ಮಾಡ್ರಿ” ಎಂದಳು ಗಿರಿಜಾ.

“ಅದೇನ್ ದೊಡ್ಡದು, ಬಿಡು” ಎಂದೆ. ಮದುವೆಯಾದ ಮೇಲೆ ಈ ಮಾತನ್ನು ನಾನು ಹೇಳಿದಾಗಲೆಲ್ಲ ಅದು ದೊಡ್ಡದೇ ಆಗಿದೆ. ಆದರೂ ಹೇಳಿದೆ, ಹೇಳಿ, ಏನೂ ಮಾಡದೆ ಕುಳಿತೆ.

ಹೇಗೋ ನುಸುಳಿ ಬಂದ ಚೂರುಪಾರು ಸಿಗ್ನಲ್ ನಂಬಿ ಶುರುವಾದ ಮೊದಲ ಭಾನುವಾರದ ತರಗತಿ ಹದಿನೈದನೇ ನಿಮಿಷಕ್ಕೆ ನಿಂತಿತು. ಸೋಮ್ಲೀಬಾಯಿ ಸೂಜಿ ಎತ್ತಿದ್ದರು. ಪರದೆಯ ಮೇಲೆ ಆ ಸೂಜಿ ಹಾಗೆಯೇ ಗಾಳಿಯಲ್ಲಿ ನಿಂತುಬಿಟ್ಟಿತು. ಇಲ್ಲಿ ಅವರು ಒಂದು ಹೂವನ್ನೇ ಹೊಲಿದು ಮುಗಿಸಿದರು, ಅಲ್ಲಿಯವರಿಗೆ ಎತ್ತಿದ ಕೈ ಇಳಿಯಲಿಲ್ಲ. ಯಾರೋ ಒಬ್ಬರು ‘ಫೋಟೋ ತುಂಬಾ ಚೆನ್ನಾಗಿದೆ’ ಎಂದು ಬರೆದರು. ಅದಕ್ಕೆ ನಾನು ನಕ್ಕೆ. ಇನ್ನೊಬ್ಬರು ‘ಪಾಪ, ಅಜ್ಜಿಗೆ ಹೊಲಿಗೆ ಮರೆತುಹೋಯಿತೇನೋ’ ಎಂದು ಬರೆದಿದ್ದರು. ಅದನ್ನು ಗಿರಿಜಾ ಮುಚ್ಚಿಡುವಷ್ಟರಲ್ಲಿ ಸೋಮ್ಲೀಬಾಯಿ, “ಏನ್ ಬರದಾರವ್ವಾ, ಓದು” ಎಂದರು. ಗಿರಿಜಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಓದಿದಳು. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಬಟ್ಟೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡರು.

“ನಾನು ನಡಿಯಾಕ ಕಲಿಯೋಕ್ಕಿಂತ ಮೊದ್ಲ ಸೂಜಿ ಹಿಡಿದಾಕಿ. ನನಗ ಮರೀತೈತೇನವ್ವಾ?” ಎಂದಷ್ಟೇ ಕೇಳಿ ಸಂಡೂರಿನ ಬಸ್ಸಿಗೆ ಹೊರಟುಹೋದರು. ಮುಂದಿನ ಭಾನುವಾರ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಗಿರಿಜಾ ಅಂದು ನನ್ನ ಹತ್ತಿರ ಜಗಳವಾಡಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಮರುದಿನ ನೆಟ್ ಕಂಪನಿಯ ಮೆಹಬೂಬ್‌ನನ್ನು ಕರೆಸಿದೆ. ಅವನು ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ, “ಸರ್, ಗ್ವಾಡಿ ಭಾಳ ದಪ್ಪ ಅದಾವ್ರಿ. ರೌಟರ್ ಜಾಗಾ ಬದಲು ಮಾಡೋಣೇನ್ರಿ?” ಎಂದ. ಸಾಮಾನ್ಯ ಮನುಷ್ಯನಾಗಿದ್ದರೆ ನಾನು ಹೂಂ ಎನ್ನುತ್ತಿದ್ದೆ. ಮೇಷ್ಟರಾದ್ದರಿಂದ ಅವನನ್ನು ಕೂರಿಸಿ, ತರಂಗಾಂತರ ಎಂದರೇನು, ಕಲ್ಲು ಅದನ್ನು ಹೇಗೆ ಹೀರಿಕೊಳ್ಳುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಅವನ ಚಹಾ ಆರಿ ಕೆನೆಗಟ್ಟಿತು. “ಬರೋಬ್ಬರಿ ಐತ್ರಿ ಸರ್” ಎಂದು ಎದ್ದು ಹೋದ. ಜಾಗ ಬದಲಾಗಲಿಲ್ಲ, ಅದು ನನ್ನ ಕುರ್ಚಿಯ ಪಕ್ಕದ ಜಾಗ.

ಆಮೇಲೆ ನನ್ನ ಪ್ರಯೋಗಗಳು ಶುರುವಾದವು. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ರೌಟರಿನ ಬೆನ್ನಿಗೆ ಅರ್ಧಚಂದ್ರಾಕಾರವಾಗಿ ನಿಲ್ಲಿಸಿದೆ. ತತ್ವ ಸರಿಯಿತ್ತು, ದಿಕ್ಕು ತಪ್ಪಿತ್ತು. ಎದುರಿನ ಚಹಾದಂಗಡಿಯ ಬಸಣ್ಣ ಬೀದಿಯಿಂದಲೇ ಕೂಗಿದ: “ಸರ್, ನಿನ್ನಿಯಿಂದ ನಿಮ್ಮ ನೆಟ್ ಮಸ್ತ್ ಬರಾಕತ್ತೈತ್ರಿ!” ಪಾಸ್‌ವರ್ಡ್ ಯಾರು ಕೊಟ್ಟರೆಂದು ಕೇಳಿದರೆ, “ನಿಮ್ಮ ಅತ್ತಿಯಾರು” ಎಂದ. ಅತ್ತೆಯವರು ಗಿರಿಜಳ ತಾಯಿ, ಕಂಪ್ಲಿಯವರು, ನಮ್ಮ ಜೊತೆಯಲ್ಲೇ ಇದ್ದಾರೆ. ಯಾರು ಏನು ಕೇಳಿದರೂ ಇಲ್ಲ ಎನ್ನದ ಮನೆತನ.

ಎರಡನೆಯ ಪ್ರಯೋಗವಾಗಿ ಸಿಗ್ನಲ್ ಹಿಗ್ಗಿಸುವ ಒಂದು ಪುಟ್ಟ ಡಬ್ಬಿ ತಂದೆ. ಎಲ್ಲಿ ನೆಟ್ ಇಲ್ಲವೋ ಅಲ್ಲಿ ತಾನೇ ಅದು ಬೇಕಾದದ್ದು? ಹಿತ್ತಲ ಕೋಣೆಯಲ್ಲೇ ಸಿಕ್ಕಿಸಿದೆ. ಫೋನಿನಲ್ಲಿ ಅಷ್ಟೂ ಗೆರೆಗಳು ತುಂಬಿ ನಿಂತವು. ಗಿರಿಜಳನ್ನು ಕರೆದು ತೋರಿಸಿದೆ. ಅವಳು ಒಂದು ವಿಡಿಯೋ ಒತ್ತಿದಳು. ಅದು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ನಾಲ್ಕು ಗೆರೆಗಳಿದ್ದದ್ದು ಫೋನಿಗೂ ಡಬ್ಬಿಗೂ ನಡುವೆ. ಡಬ್ಬಿಗೇ ಏನೂ ಬರುತ್ತಿರಲಿಲ್ಲ. ಅದು ತನಗೆ ಸಿಕ್ಕ ಶೂನ್ಯವನ್ನೇ ಪ್ರಾಮಾಣಿಕವಾಗಿ ಕೋಣೆಯ ತುಂಬ ಹಂಚುತ್ತಿತ್ತು.

ಶನಿವಾರ ಕಾಲೇಜು ಮುಗಿಸಿ ಮನೆಗೆ ಬಂದರೆ ಪಡಸಾಲೆಯ ತುಂಬ ರಂಗೋಲಿಯ ಚುಕ್ಕಿಗಳು. ಅತ್ತೆಯವರು ಎಡಗೈಯಲ್ಲಿ ಫೋನು, ಬಲಗೈಯಲ್ಲಿ ರಂಗೋಲಿ ಬಟ್ಟಲು ಹಿಡಿದು ನಡುಮನೆಯಲ್ಲಿ ಹೆಜ್ಜೆ ಎಣಿಸಿದಂತೆ ನಡೆಯುತ್ತಿದ್ದರು. ಫೋನಿನಲ್ಲಿ ಕಂಪ್ಲಿಯಿಂದ ಅವರ ತಂಗಿ.

“ಕಾಣಾಕತ್ತೀನೇನ?”

“ಕಾಣಾಕತ್ತೀಯಕ್ಕಾ.”

ಒಂದು ಚುಕ್ಕಿ. ಇನ್ನೊಂದು ಹೆಜ್ಜೆ.

“ಈಗ?”

ಉತ್ತರವಿಲ್ಲ. ಅತ್ತೆಯವರು ಹಿಂದೆ ಸರಿದರು, ಪಕ್ಕಕ್ಕೆ ಸರಿದರು, ತಂಗಿಯ ದನಿ ಮರಳಿ ಬಂದಲ್ಲಿ ಬಗ್ಗಿ ಚುಕ್ಕಿಯಿಟ್ಟರು.

“ಏನ್ರೀ ಇದು, ಮನಿ ತುಂಬ ರಂಗೋಲಿ?” ಎಂದು ಗದರಬೇಕೆಂದು ಬಾಯಿ ತೆರೆದವನು ಹಾಗೆಯೇ ನಿಂತೆ. ಚುಕ್ಕಿಗಳು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ. ಬಾಗಿಲಿನ ನೇರಕ್ಕೆ ನಡುಮನೆಯ ಕೊನೆಯವರೆಗೂ ಹೋಗಿದ್ದವು. ಎಡಗಡೆಗೆ ಮಾತ್ರ ಅಡಿಪಟ್ಟಿ ಇಟ್ಟು ಗೆರೆ ಎಳೆದಂತೆ ಒಮ್ಮೆಲೇ ನಿಂತಿದ್ದವು. ಆ ಗೆರೆಯ ಗುಂಟ ಕಣ್ಣು ಹಾಯಿಸಿದರೆ ಅದು ಕಬ್ಬಿಣದ ಬೀರುವಿನ ಅಂಚಿಗೆ ಹೋಗಿ ಮುಟ್ಟುತ್ತಿತ್ತು. ಬೀರು ನಿಂತದ್ದು ನಡುಮನೆಯ ಗೋಡೆಗೆ. ಅದೇ ಗೋಡೆಯ ಆಚೆ ಬದಿಗೆ ನನ್ನ ರೌಟರ್. ಬೀರುವಿನ ಈಚೆಗೆ ಬಿದ್ದದ್ದು ಅಪ್ಪಟ ನೆರಳು. ಪ್ರತಿ ವರ್ಷ ಕರಿಹಲಗೆಯ ಮೇಲೆ ಈ ಚಿತ್ರವನ್ನು ಬರೆದು, ಮಕ್ಕಳಿಂದ ಬರೆಸಿ, ತಪ್ಪಿದವರಿಗೆ ಅಂಕ ಕಳೆದವನು ನಾನು.

“ಅತ್ತೀ, ಇದು ಛಾಯಾ ಪ್ರದೇಶ” ಎಂದು ಆರಂಭಿಸಿದೆ.

“ಅದೆಲ್ಲಾ ನನಗ ತಿಳಿಯಂಗಿಲ್ರಿ. ಕಾಲುವಿಗೆ ಅಡ್ಡ ಕಲ್ಲು ಇಟ್ರ ಕೊನೀ ಗದ್ದಿಗೆ ನೀರು ಹೊಕ್ಕಾವೇನು?” ಎಂದರು ಅತ್ತೆ. ಕಂಪ್ಲಿಯಲ್ಲಿ ಅವರದು ಕಾಲುವೆಯ ಕೊನೆಯ ಗದ್ದೆ. ನೀರು ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ, ಯಾರು ನಿಲ್ಲಿಸುತ್ತಾರೆ ಎಂದು ಹುಡುಕುತ್ತಲೇ ಬೆಳೆದವರು. “ಮತ್ತ ಆ ಡಬ್ಬಿ ಒಣಾ ಗದ್ಯಾಗ ಇಟ್ಟೀರಲ್ಲಾ, ಅದು ಏನ್ ಕುಡಿದು ಏನ್ ಕೊಡಬೇಕು? ನೀರು ಎಲ್ಲಿ ತನಕಾ ಬರತೈತೋ ಅಲ್ಲಿ ಇಡ್ರಿ ಅದನ್ನ” ಎಂದು ನಡುಮನೆಯ ಕೊನೆಯ ಚುಕ್ಕಿಯನ್ನು ಕಾಲ ಹೆಬ್ಬೆರಳಿನಿಂದ ತೋರಿಸಿದರು.

ನಾನು ಕರೆದದ್ದಕ್ಕೆ ಅಂದೇ ಸಂಜೆ ಮೆಹಬೂಬ್ ಮತ್ತೆ ಬಂದ. ಅಷ್ಟರಲ್ಲಿ ನಾನು ಬೀರುವನ್ನು ಸರಿಸಲು ಹೊರಟಿದ್ದೆ. ಅದರೊಳಗೆ ಗಿರಿಜಳ ಸೀರೆಗಳು, ತಾಮ್ರದ ಕೊಡಗಳು, ನನ್ನ ಹಳೆಯ ಪ್ರಶ್ನೆಪತ್ರಿಕೆಗಳು ಎಲ್ಲ ಇದ್ದವು. ಬೀರು ಒಂದಂಗುಲ ಅಲುಗಿತು, ನನ್ನ ಸೊಂಟ ಎರಡಂಗುಲ. “ಬೀರು ಯಾಕ ಸರಸ್ತೀರಿ ಸರ್, ಬ್ಯಾಡ್ರಿ. ಕುಂದ್ರಿ” ಎನ್ನುತ್ತ ಅವನು ರೌಟರನ್ನು ಗೂಡಿನಿಂದ ತೆಗೆದು, ಪಡಸಾಲೆಯ ಆ ತುದಿಗೆ, ಬಾಗಿಲುಗಳ ಸಾಲಿಗೆ ನೇರವಾಗಿ ಎತ್ತರದ ಹಲಗೆಯ ಮೇಲೆ ಕೂರಿಸಿ ತಂತಿ ಎಳೆದ. ಪುಟ್ಟ ಡಬ್ಬಿ ಅತ್ತೆಯವರ ಕೊನೆಯ ಚುಕ್ಕಿಯ ಬಳಿ ಬಂತು. ಅತ್ತೆಯವರು ಹಿತ್ತಲ ಕೋಣೆಗೆ ಹೋಗಿ ಕೂಗಿದರು: “ಕಾಣಾಕತ್ತೀನೇನ?” ಕಂಪ್ಲಿಯ ತಂಗಿ, “ಮೂಗುಬೊಟ್ಟಿನ ಹರಳು ಸೈತ ಕಾಣಾಕತ್ತೈತಿ!” ಎಂದಳು.

ಸೋಮ್ಲೀಬಾಯಿಗೆ ಫೋನು ಮಾಡಲು ಗಿರಿಜಾ ಹಿಂಜರಿದಳು. ನಾನೇ ಮಾಡಿದೆ. “ತಪ್ಪು ನಿಮ್ಮದಲ್ರಿ, ಸೂಜಿದೂ ಅಲ್ಲ. ನಂದು. ರೌಟರ್ ನನ್ನ ಕುರ್ಚಿ ಪಕ್ಕ ನಾ ಇಟ್ಕೊಂಡಿದ್ದೆ” ಎಂದೆ. ಅವರು, “ಮೇಷ್ಟ್ರು ತಪ್ಪಂತ ಒಪ್ಪಿದ್ರ ಬರಬೇಕಾತು ಬಿಡ್ರಿ” ಎಂದು ನಕ್ಕರು.

ಭಾನುವಾರ ಮೊದಲ ಬಸ್ಸಿಗೇ ಬಂದರು. ಕಿಟಕಿಯ ಬೆಳಕಿನಲ್ಲಿ ಕುಳಿತು, ಪರದೆಯ ಕಡೆ ನೋಡದೆ, ಕನ್ನಡಿಯ ಬಿಲ್ಲೆಯನ್ನು ಬಟ್ಟೆಯ ಮೇಲಿಟ್ಟು ಸುತ್ತಲೂ ದಾರದಿಂದ ಹಿಡಿದು ನಿಲ್ಲಿಸಿದರು. ಸೂಜಿ ಒಮ್ಮೆಯೂ ನಿಲ್ಲಲಿಲ್ಲ. “ಮತ್ತೊಮ್ಮೆ ತೋರಿಸಿ” ಎಂದು ಅಲ್ಲಿಂದ ಕೇಳಿದರೆ ಇಲ್ಲಿ ಅವರು, “ಕಣ್ಣು ಕೀಲಿಸಿ ನೋಡು ತಾಯೀ, ಜಲ್ದಿ ಬ್ಯಾಡ” ಎಂದು ಮತ್ತೆ ತೋರಿಸುತ್ತಿದ್ದರು. ಹೋದ ವಾರ ಅಜ್ಜಿಗೆ ಮರೆತುಹೋಯಿತು ಎಂದು ಬರೆದಿದ್ದ ಹೆಣ್ಣುಮಗಳು ತಾನಾಗಿಯೇ ಕ್ಷಮೆ ಕೇಳಿದಳು. ಸೋಮ್ಲೀಬಾಯಿ ಅವಳಿಗೆ, “ನಿನ್ನ ಗಂಟು ಸಡ್ಲ ಆಗೈತಿ, ಬಿಚ್ಚಿ ಹಾಕು” ಎಂದರು. ಗಿರಿಜಳ ಮುಖವನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ನೋಡುವಂತಿತ್ತು.

ತರಗತಿ ಮುಗಿಯುತ್ತ ಬಂದಾಗ ಒಬ್ಬಾಕೆ, “ಈ ಸಲ ನೆಟ್ ಎಷ್ಟು ಚೆನ್ನಾಗಿತ್ತು! ಹೇಗೆ ಸರಿ ಮಾಡಿದಿರಿ?” ಎಂದು ಕೇಳಿದಳು. ಗಿರಿಜಾ ಉದಾರ ಮನಸ್ಸಿನಿಂದ ಫೋನನ್ನು ನನ್ನ ಕಡೆ ತಿರುಗಿಸಿದಳು. ‘ನಮ್ಮ ಅತ್ತೆಯವರು ಮಾಡಿದರು’ ಎಂಬ ಮೂರು ಪದಗಳಲ್ಲಿ ಮುಗಿಯುವ ಉತ್ತರ. ನಾನು ಗಂಟಲು ಸರಿಪಡಿಸಿಕೊಂಡು, “ನೋಡಿ, ತರಂಗ ಎಂದರೇನು?” ಎಂದು ಆರಂಭಿಸಿದೆ. ಮೂರನೇ ನಿಮಿಷಕ್ಕೆ ಪರದೆಯಿಂದ ಒಂದು ಮುಖ ಮಾಯವಾಯಿತು. ಐದಕ್ಕೆ ಮೂರು. ನೆರಳಿನ ಚಿತ್ರವನ್ನು ಗಾಳಿಯಲ್ಲಿ ಬರೆಯುವ ಹೊತ್ತಿಗೆ ಉಳಿದದ್ದು ಒಂದೇ ಮುಖ, ಅದು ನನ್ನದು. ಮೊದಲಾಗಿದ್ದರೆ ನೆಟ್ ಹೋಯಿತು ಎಂದುಕೊಂಡು ಸಮಾಧಾನಪಡುತ್ತಿದ್ದೆ. ಆ ಸೌಕರ್ಯವನ್ನು ನನ್ನ ಕೈಯಾರೆ ನಾನೇ ಕಳೆದುಕೊಂಡಿದ್ದೆ.