ಬಿಸಿಲಿಗೆ ಬಿದ್ದ ಗೋಡೆ

೧೯೮೧ರ ಮುಂಗಾರಿನಲ್ಲಿ ನಮ್ಮೂರಲ್ಲಿ ಮಳೆ ಆಗಿರುವುದಿಲ್ಲ. ಇದು ಸರಕಾರಿ ದಾಖಲೆ. ಬರೆದವನು ನಾನೇ.

ಗುಡೂರಿನಿಂದ ಎರಡು ಹರದಾರಿ ಆಚೆಗಿನ ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿಯನ್ನು ಒಂದೇ ಹೊಡೆತಕ್ಕೆ ಪಾಸಾದವ ನಾನೊಬ್ಬನೇ. ಹೀಗಾಗಿ ಚಾವಡಿಯ ಮಳೆಮಾಪಕವನ್ನು ದಿನಾ ಮುಂಜಾನೆ ಎಂಟೂವರೆಗೆ ನೋಡಿ ಬರೆಯುವ ಕೆಲಸ ನನ್ನ ಬಿಟ್ಟು ಬೇರೆಯವರಿಗೆ ಹೋಗುವುದು ಸಾಧ್ಯವೇ ಇರಲಿಲ್ಲ. ಹಿಂದಿನವ ಅದನ್ನು ಬಯಲಿನಲ್ಲಿ ನಿಲ್ಲಿಸಿದ್ದ. ನಾನು ಮೊದಲ ದಿನವೇ ಗೋಡೆಗೆ ಹಚ್ಚಿದ್ದ ನಿಯಮ ಓದಿದೆ: 'ಸರಕಾರಿ ಸಾಮಾನನ್ನು ಮಳೆಗೆ ತೋಯದಂತೆ ಇಡತಕ್ಕದ್ದು.' ಮಾಪಕವನ್ನು ಕಿತ್ತು ತಂದು ಒಳಗೆ ಕಪಾಟಿನ ಮೇಲೆ ಇಟ್ಟೆ. ಇಷ್ಟು ವರ್ಷದಲ್ಲಿ ಒಬ್ಬನಿಗಾದರೂ ಹೊಳೆದಿತ್ತೇನು?

ಜೂನ್ ಮೊದಲ ವಾರ ಮೇಲಿನ ಕಚೇರಿಯಿಂದ ಹಂಗಾಮಿನ ಮುನ್ಸೂಚನೆ ಬಂತು. ಮಳೆ ವಾಡಿಕೆಗಿಂತ ಕಡಿಮೆ, ಉಷ್ಣತೆ ವಾಡಿಕೆಗಿಂತ ಹೆಚ್ಚು. ಅದರ ಬೆನ್ನಿಗೇ ಮೃಗಶಿರಾ ಮಳೆ ಹಿಡಿದು ಒಂಬತ್ತು ದಿನ ಬಿಡಲಿಲ್ಲ. ಹಳ್ಳ ಓಣಿಯೊಳಗೆ ಬಂತು. ನಾನು ಛತ್ರಿ ಹಿಡಿದು ಚಾವಡಿಗೆ ಹೋಗಿ, ಮಾಪಕ ನೋಡಿ, 'ಸೊನ್ನೆ' ಎಂದು ಬರೆದು, ಛತ್ರಿ ಹಿಡಿದು ಮನೆಗೆ ಬಂದೆ. ಮುನ್ಸೂಚನೆಗೆ ಇಷ್ಟು ನಿಷ್ಠವಾದ ವರದಿ ಬೇರೆ ಯಾವ ಊರಿಂದಲೂ ಬಂದಿಲ್ಲವೆಂದು ನನಗೊಂದು ಪ್ರಶಂಸಾಪತ್ರ ಬಂತು. ಕಟ್ಟು ಹಾಕಿಸಿ ಇಟ್ಟಿದ್ದೇನೆ, ನೋಡುವವರು ಬರ್ರಿ.

ಹತ್ತನೆಯ ದಿನ, ಮಳೆ ಇನ್ನೂ ಸುರಿಯುತ್ತಿರುವಾಗಲೇ, ನೇಕಾರ ಮಾಯವ್ವನ ಮನೆಯ ಗೋಡೆ ಕುಸಿಯಿತು, ಅದರ ಸಂಗಡ ಮೇಲಿನ ಮಾಳಿಗೆಯೂ. ಕೆಳಗೆ ಅವಳ ಮಗ್ಗ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲಿ ನೀರು ನಿಂತು, ಅರ್ಧ ನೇಯ್ದ ಇಲಕಲ್ ಸೀರೆ ತೋಯುತ್ತಿತ್ತು. ಮನೆ ಬಿದ್ದವರಿಗೆ ಸರಕಾರ ಹತ್ತು ತಗಡು ಕೊಡುತ್ತಿತ್ತು. ಅವು ಸಿಗದಿದ್ದರೆ ಮಗ್ಗ ಕೊಳೆಯಬೇಕು, ಒಲೆ ಆರಬೇಕು.

ಅವಳು ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಮಳೆಗೆ ಗೋಡೆ ಬಿದ್ದಿದೆಯೆಂದು ಅರ್ಜಿ ತಂದಳು. ಅಂದು ಮಾಮಲೇದಾರ ಕೃಷ್ಣಾಜಿ ಸಾಹೇಬರು, ಪ್ಯಾಂಟು ಮೊಣಕಾಲ ತನಕ ಮಡಚಿಕೊಂಡು, ಬರಗಾಲದ ಪರಿಶೀಲನೆಗೆ ಬಂದಿದ್ದರು. ನನ್ನ ವಹಿ ತಿರುವಿ ನೋಡಿದರು.

"ದಾಖಲೆದಾಗ ಮಳಿನೇ ಇಲ್ಲಲ್ಲವ್ವಾ."

"ನನ್ನ ಮಗ್ಗದ ಕುಣಿಯಾಗ ಐತ್ರಿ. ಬಂದು ಅಳಕೊಂಡು ಹೋಗ್ರಿ."

ಮಗ್ಗದ ಕುಣಿ ಮಾನ್ಯತೆ ಪಡೆದ ಮಾಪಕವಲ್ಲವೆಂದು ಸಾಹೇಬರು ಸಮಾಧಾನದಿಂದ ತಿಳಿಸಿದರು. ಮಾಯವ್ವ ನನ್ನ ಕಡೆ ತಿರುಗಿದಳು.

"ತಮ್ಮಾ ಅಂದಾನಪ್ಪಾ, ನೀ ಓದಿದಾಂವ. ಮಳಿಗೆ ಬಿದ್ದಿಲ್ಲಂದ್ರ ಮತ್ಯಾತಕ್ಕ ಬಿತ್ತೋ ಗ್ವಾಡಿ?"

ಇಂಥ ಹೊತ್ತಿನಲ್ಲೇ ನನ್ನ ತಲೆ ಓಡುವುದು. ಮುನ್ಸೂಚನೆ ತೆಗೆದು, ಉಷ್ಣತೆಯ ಸಾಲಿನ ಮೇಲೆ ಬೆರಳಿಟ್ಟೆ.

"ಬಿಸಲಿಗೆ ಬಿದ್ದೈತ್ರಿ, ಸಾಹೇಬ್ರ."

ಸಾಹೇಬರು ಕನ್ನಡಕದ ಮೇಲಿನ ಹನಿ ಒರೆಸಿಕೊಂಡು ಓದಿದರು. ಇದಕ್ಕೆ ಆಧಾರವಿದೆ ಎಂದರು. ಕೂಡಲೇ ಪಂಚನಾಮೆ ಆಯಿತು: 'ಅತಿಯಾದ ಉಷ್ಣತೆಯಿಂದ ಮಣ್ಣು ಒಣಗಿ ಬಿರಿದು ಗೋಡೆ ಬಿದ್ದಿರುತ್ತದೆ.' ಪಂಚರಾದ ಇಮಾಮಸಾಬ ಮತ್ತು ಬಸಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು ಸಹಿ ಮಾಡಿದರು. ಶಾಯಿ ಹರಡಿದ್ದರಿಂದ ಮೂರು ಸಲ ಮಾಡಬೇಕಾಯಿತು. ಹರಡಿದ ಕಾರಣವನ್ನು ಸಾಹೇಬರು ಬದಿಯಲ್ಲಿ ನಮೂದಿಸಿದರು: ಬೆವರು.

ಬಿಸಿಲಿನ ಬಾಬತ್ತಿನ ತಗಡುಗಳನ್ನು ತಾಲೂಕಿನಲ್ಲಿ ಯಾರೂ ಮುಟ್ಟಿರಲಿಲ್ಲ, ವಾರದೊಳಗೆ ಬಂದವು. ಷರತ್ತು ಒಂದೇ: ನೆರಳಿಗೆ ಮಾತ್ರ ಬಳಸತಕ್ಕದ್ದು, ಅನ್ಯ ಉದ್ದೇಶಕ್ಕೆ ಬಳಸಿದ್ದು ಕಂಡುಬಂದರೆ ಕಿತ್ತು ಒಯ್ಯಲಾಗುವುದು. ಮಾಯವ್ವ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಊರಲ್ಲಿ ಬಿದ್ದ ಇನ್ನೂ ಇಪ್ಪತ್ತೆರಡು ಮನೆಗಳು ಬಿಸಿಲಿಗೇ ಬಿದ್ದವು. ಅರ್ಜಿಗಳನ್ನು ಯಾರು ಬರೆದರೆಂದು ನನ್ನ ಬಾಯಿಂದ ಹೇಳುವುದು ಚೆನ್ನಲ್ಲ. ಎಲ್ಲವನ್ನೂ ನಾನೇ ಬರೆದೆ.

ಆರಿದ್ರಾ ಮಳೆಯಲ್ಲಿ ಸಾಹೇಬರು ತಗಡಿನ ತಪಾಸಣೆಗೆ ಬಂದರು. ಮಾಯವ್ವ ಒಣಗಿದ ಕುಣಿಯಲ್ಲಿ ಕಾಲಿಳಿಸಿ ಕೂತು ಲಾಳಿ ಎಸೆಯುತ್ತಿದ್ದಳು. ಮೇಲೆ ತಗಡಿನ ಸಪ್ಪಳಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಸಾಹೇಬರು ಬಾಯಿಗೆ ಅಂಗೈ ಅಡ್ಡ ಹಿಡಿದು, ಬಿಸಿಲಿನ ತ್ರಾಸ ಈಗ ಹೇಗಿದೆಯೆಂದು ಕೂಗಿ ಕೇಳಿದರು.

"ಛಲೋ ನೆರಳೈತ್ರಿ ಯಪ್ಪಾ," ಅವಳೂ ಕೂಗಿದಳು. "ಒಂದ್ ಹನಿ ಬಿಸಲ ಒಳಗ ಬಂದಿಲ್ಲ."

ಸಾಹೇಬರು ಅದನ್ನು ಹಾಗೆಯೇ ಬರೆದುಕೊಂಡರು.