ಯಂತ್ರಕ್ಕೆ ಎರಡು ಕೊಡ ನೀರು

ಯಂತ್ರಗಳ ವಿಷಯದಲ್ಲಿ ಮುನವಳ್ಳಿಯಲ್ಲಿ ನನಗಿಂತ ತಿಳಿದವರಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಹಿಟ್ಟಿನ ಗಿರಣಿ ನನ್ನದು. ಡೀಸೆಲ್ ಎಂಜಿನ್ನಿನ ಸಪ್ಪಳ ಕೇಳಿಯೇ ಅದರ ರೋಗ ಹೇಳುತ್ತಿದ್ದೆ. ಈ ನಂಬಿಕೆ ಮುರಿದದ್ದು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಬೈಲಹೊಂಗಲದಲ್ಲಿ. ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದವಳು ನನ್ನ ಹೆಂಡತಿ ಶಾಂತವ್ವ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಈಗ ಆ ಕೆಲಸವೂ ನನ್ನ ಪಾಲಿಗೆ ಬಂದಿದೆ.

ಆ ಬೇಸಿಗೆಯಲ್ಲಿ ಅವಳಿಗೆ ಪಕ್ಕೆಯಲ್ಲಿ ನೋವು. ಗೋಡೆ ಹಿಡಿದು ನಿಲ್ಲುತ್ತಿದ್ದಳು. ಆಪರೇಷನ್ ಬೇಕಾದೀತು, ಮೊದಲು ಸ್ಕ್ಯಾನಿಂಗ್ ಮಾಡಿಸಿರಿ ಎಂದರು ನಮ್ಮೂರ ಡಾಕ್ಟರು. ಆಪರೇಷನ್ ಎಂಬ ಮಾತಿಗೇ ಹೆದರಿದೆ, ಅವಳಿಗೆ ತೋರಿಸಿಕೊಳ್ಳಲಿಲ್ಲ. ಬೈಲಹೊಂಗಲದ ಸ್ಕ್ಯಾನಿಂಗ್ ದವಾಖಾನೆಗೆ ಫೋನ್ ಮಾಡಿದೆ. ಅಲ್ಲಿಯ ನರ್ಸಬಾಯಿ ಎರಡೇ ಮಾತು ಹೇಳಿದಳು: "ಉಪಾಸ ಇರ್ರಿ. ನೀರ ತುಂಬ್ಕೊಂಡ ಬರ್ರಿ."

ನನಗೆ ತಕ್ಷಣ ಅರ್ಥವಾಯಿತು! ನನ್ನ ಎಂಜಿನ್ನೂ ನೀರಿಲ್ಲದಿದ್ದರೆ ಕಾಯುತ್ತದೆ. ಅದಕ್ಕೆಂದೇ ಪಕ್ಕದಲ್ಲಿ ನೀರಿನ ಟಾಕಿ ಕಟ್ಟಿಸಿದ್ದೇನೆ. ಹೊಟ್ಟೆಯೊಳಗೆ ನೋಡುವಂಥ ಯಂತ್ರ ಕಾಯದೆ ಇದ್ದೀತೇ? ಬೇಸಿಗೆ ಬೇರೆ, ಪಾಪ, ರೋಗಿಗಳಿಂದಲೇ ನೀರು ತರಿಸುತ್ತಿದ್ದಾರೆ. ಎರಡು ಪ್ಲಾಸ್ಟಿಕ್ ಕೊಡ ತುಂಬಿ, ಅವುಗಳ ಬಾಯಿಗೆ ಬಟ್ಟೆ ಕಟ್ಟಿ ಬಸ್ಸು ಹತ್ತಿದೆ.

ದಾರಿಯಲ್ಲಿ ಶಾಂತವ್ವ ಎರಡು ಸಲ ನೀರು ಕೇಳಿದಳು. ಉಪವಾಸದ ಕಟ್ಟಪ್ಪಣೆ ನೆನಪಿಸಿದೆ. ಕುಡಿದು ಬರಲು ಹೇಳಿರಬಹುದು ಎಂದಳು. ಯಂತ್ರದ ವಿಷಯ ನನಗೆ ಬಿಡು ಎಂದೆ. ಅಷ್ಟರಲ್ಲಿ ಬಸ್ಸು ತಗ್ಗಿಗೆ ಹಾರಿ ಅರ್ಧ ಕೊಡ ನನ್ನ ಧೋತರದ ಮೇಲೆ ಇಳಿಯಿತು. ಬೈಲಹೊಂಗಲದಲ್ಲಿ ಇಳಿದಾಗ ರೋಗಿ ಯಾರೆಂದು ಜನರಿಗೆ ಸಂಶಯವೇ ಉಳಿಯಲಿಲ್ಲ.

ನೀರು ತುಂಬಿಕೊಂಡಿದ್ದೀರಾ ಎಂದು ನರ್ಸಬಾಯಿ ಕೇಳಿದಳು. ಕೊಡಗಳನ್ನು ಮುಂದಿಟ್ಟು, ಟಾಕಿ ಎಲ್ಲಿದೆ ಎಂದು ವಿಚಾರಿಸಿದೆ. ಅವಳು ಕೊಡ ನೋಡಿದಳು, ನನ್ನ ಧೋತರ ನೋಡಿದಳು. ಮೂತ್ರಚೀಲ ತುಂಬಿದ್ದರೇನೇ ಒಳಗಿನದು ಚೆನ್ನಾಗಿ ಕಾಣುತ್ತದೆ, ನೀರು ಬೇಕಾದದ್ದು ಯಂತ್ರಕ್ಕಲ್ಲ, ರೋಗಿಗೆ ಎಂದು ಸಾವಕಾಶ ತಿಳಿಸಿದಳು.

ಶಾಂತವ್ವ ಕೊಡ ಬಗ್ಗಿಸಿ ಕುಡಿಯತೊಡಗಿದಳು. ಒಂದು ತಾಸು ಕಳೆದು ಒಳಗೆ ಕರೆದರು.

ಯಂತ್ರ ನೋಡಿ ನಿರಾಸೆಯಾಯಿತು. ಟಿವಿಯಷ್ಟಿತ್ತು! ಅಲ್ಲಿಯ ಡಾಕ್ಟರು ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ, ಸಾಬೂನಿನಷ್ಟಿದ್ದ ಹಿಡಿಕೆಯೊಂದನ್ನು ಆಡಿಸಿದರು. ಪರದೆಯ ಮೇಲೆ ಬೂದು ಮೋಡ. ಇದು ಸಪ್ಪಳದಿಂದ ನಡೆಯುವಂಥದು, ಸಪ್ಪಳ ಒಳಗೆ ಹೋಗಿ, ಬಡಿದು ಮರಳಿ ಬಂದದ್ದೇ ಚಿತ್ರವಾಗುತ್ತದೆ ಎಂದರು. ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಯಂತ್ರದ ಬೆಲ್ಟು ಜಾರಿರಬೇಕು ಎಂದೆ.

"ಈ ಸಪ್ಪಳ ಮನುಷ್ಯಾರ ಕಿವಿಗೆ ಕೇಳಂಗಿಲ್ರಿ ಯಜಮಾನ್ರ," ಎಂದರು ಡಾಕ್ಟರು.

"ನನ್ನ ಮಾತಿನಂಗ ಅನ್ರಿ," ಎಂದಳು ಶಾಂತವ್ವ ಮಲಗಿದಲ್ಲಿಂದಲೇ.

ಡಾಕ್ಟರು ನಕ್ಕ ರಭಸಕ್ಕೆ ಹಿಡಿಕೆ ಜಾರಿತು. ಮತ್ತೆ ಮೊದಲಿನಿಂದ ಹುಡುಕಬೇಕಾಯಿತು. ಕೊನೆಗೆ ಒಂದು ಬಿಳಿ ಚುಕ್ಕೆ, ಅದರ ಹಿಂದೆ ಕಪ್ಪು ನೆರಳು. ಎರಡು ಗುರುತಿಟ್ಟು ಅಳೆದರು. ನಾಲ್ಕು ಮಿಲಿಮೀಟರಿನ ಹರಳು. ಆಪರೇಷನ್ ಬೇಡ, ನೀರು ಕುಡಿದರೆ ತಾನೇ ಬೀಳುತ್ತದೆ!

ಅವಳು ಮಂಚ ಇಳಿದವಳೇ ಪಾಯಖಾನೆಗೆ ಓಡಿದಳು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಅಷ್ಟು ದಿನ ಅದುಮಿಟ್ಟ ಹೆದರಿಕೆ ಒಮ್ಮೆಲೇ ಒಡೆದು ಅಳು ಬಂತು. ಪಕ್ಕದಲ್ಲಿದ್ದ ದೇಗಾಂವದ ಮುದುಕಿ ನಿನ್ನ ಹೆಂಡತಿ ಎಲ್ಲಿ ಎಂದು ಕೇಳಿದಳು.

"ಹೋದಳಬೇ," ಎಂದೆ. ಎಲ್ಲಿಗೆ ಎಂಬುದು ಬಿಕ್ಕಿನಲ್ಲಿ ಸಿಕ್ಕಿಕೊಂಡಿತು.

ಮುದುಕಿ ಎದೆ ಬಡಿದುಕೊಂಡಳು. ನಾಲ್ಕು ಜನ ಸೇರಿದರು. ಯಾರೋ ಊರಿಗೆ ಸುದ್ದಿ ಮುಟ್ಟಿಸಲು ಫೋನ್ ನಂಬರು ಕೇಳಿದರು. ಹೇಳಿಯೂ ಬಿಟ್ಟೆ! ಅಷ್ಟರಲ್ಲಿ ಶಾಂತವ್ವ ಕೈ ಒರೆಸಿಕೊಳ್ಳುತ್ತ ಬಂದು, ಗುಂಪು ಸರಿಸಿ ನಿಂತಳು.

"ಸತ್ತಿಲ್ಲಬೇ ಯವ್ವಾ, ಒಂದಕ್ಕ ಹೋಗಿದ್ನಿ," ಎಂದು ಮುದುಕಿಗೆ ಸಮಾಧಾನ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಇಲ್ಲೇ ಕುಂದರ್ರಿ. ನಿಮ್ಮನ್ನ ಯಾವ ಮಷೀನಿಗೆ ಹಾಕಬೇಕೋ ಕೇಳಿ ಬರತೇನಿ."