ಪಟ್ಟಿಯಲ್ಲಿಲ್ಲದ ಸೋದರಳಿಯ

ದಿಗಂಬರ: ಬಳಗ ಅಲ್ಲ ಅಂದ್ರ ಹ್ಯಾಂಗ್ರಿ ವಸೀಮಭಾಯಿ? ಸಂಜೀವಕುಮಾರ ನನ್ನ ಖಾಸ್ ತಂಗಿ ಮಗ! ಸೋದರಮಾವ ಇದ್ದೀನಿ ನಾ!

ವಸೀಮ್: ಅದು ನಿಮ್ಮ ಮನ್ಯಾಗ, ಸಾವಕಾರ್ರ. ಇನ್‌ಕಮ್ ಟ್ಯಾಕ್ಸಿನವರ ಬಳಗದ ಪಟ್ಟಿಯೊಳಗ ತಂಗಿ ಇದ್ದಾಳ, ತಂಗಿ ಗಂಡ ಇದ್ದಾನ. ತಂಗಿ ಮಗ ಇಲ್ಲ. ಅಂವ ಮಸ್ಕತ್‌ನಿಂದ ಮೂರು ಲಕ್ಷ ಕಳಿಸಿದ್ರ ಅಷ್ಟೂ ನಿಮ್ಮ ಆದಾಯ ಅಂತ ತೋರಸಬೇಕು, ಟ್ಯಾಕ್ಸ್ ಕಟ್ಟಬೇಕು.

ಹುಮನಾಬಾದಿನ ಕಾಳಿನ ಬಜಾರದ ಹಿಂದೆ ವಸೀಮನ ಟ್ಯಾಕ್ಸ್ ಆಫೀಸು. ಬಸವಕಲ್ಯಾಣದ ಬಟ್ಟೆ ವ್ಯಾಪಾರಿ ದಿಗಂಬರ ಕುರ್ಚಿ ಬಿಟ್ಟು ಎದ್ದು ನಿಂತ. ಯಾರು ಯಾರಿಗೆ ಏನಾಗಬೇಕು ಎಂಬ ತಕರಾರು ಊರಿನ ಯಾವ ಮದುವೆಯಲ್ಲಿ ಎದ್ದರೂ ಕೊನೆಯ ಮಾತು ತನ್ನದೇ ಎಂದು ನಂಬಿದ್ದವನು ಅವನು. ಹೆಂಡತಿ ಪಾರ್ವತಿಬಾಯಿ ಮಾತ್ರ ಏಳಲಿಲ್ಲ. ಶೇಂಗಾ ಸುಲಿಯುತ್ತಿದ್ದಳು.

ದಿಗಂಬರ: ಅವನ ಜವಳದ ಕೂದಲು ನನ್ನ ತೊಡಿ ಮ್ಯಾಲ ಕೂಡಿಸಿ ತೆಗದಾರ್ರಿ. ಹೊಸಾ ಧೋತರ ತೋಯಿಸ್ಯಾನ!

ವಸೀಮ್: ಫಾರ್ಮಿನ್ಯಾಗ ಅದನ್ನ ಬರಿಯಾಕ ಜಾಗ ಇಲ್ರಿ.

ಪಾರ್ವತಿಬಾಯಿ: ಅಲ್ರಿ, ನಾವೇ ಅವನಿಗಿ ಕೊಟ್ಟಿದ್ರ?

ವಸೀಮ್: ಪೂರಾ ಮಾಫಿ, ಅಕ್ಕಾರ. ಮಾಮಾ ಅಳಿಯಗ ಎಷ್ಟರೆ ಕೊಡಲಿ, ಟ್ಯಾಕ್ಸ್ ಇಲ್ಲ.

ದಿಗಂಬರ: ಅಂದ್ರ ನಾ ಅವನ ಬಳಗ, ಅಂವ ನನ್ನ ಬಳಗ ಅಲ್ಲ?

ವಸೀಮ್: ಈಗ ತಿಳೀತು ನೋಡ್ರಿ ನಿಮಗ.

ದಿಗಂಬರ: ಏನೂ ತಿಳೀಲಿಲ್ಲ!

ವಸೀಮ್: ಹಾದಿ ಒಂದದ. ಅಂವ ತಾಯಿಗಿ ಕಳಿಸಲಿ. ಅದಕ್ಕ ಟ್ಯಾಕ್ಸ್ ಇಲ್ಲ. ಆಮ್ಯಾಲ ನಿಮ್ಮ ತಂಗಿ ಗಯಾಬಾಯಾರು ಖುಷಿಲೆ ಅಣ್ಣಗ ಕೊಡಲಿ. ಅದಕ್ಕೂ ಇಲ್ಲ. ಆದ್ರ ಒಮ್ಮಿ ಅವರ ಕೈಗಿ ಬಂದ್ರ ರೊಕ್ಕ ಅವರದು. ಕೊಡೋದು ಬಿಡೋದು ಅವರ ಮರ್ಜಿ.

ಸಂಜೀವಕುಮಾರನ ಮದುವೆಯಲ್ಲಿ ದಿಗಂಬರ ತಂಗಿಗೆ ಆಯೇರಿಯ ಉಡುಗೊರೆಯಾಗಿ ಕೊಟ್ಟ ಸೀರೆ ಎಂಟೇ ದಿನಕ್ಕೆ ಅವಳ ಮನೆಯ ಅಡುಗೆಯ ಕಮಳಾಬಾಯಿಯ ಮೈಮೇಲೆ ಕಂಡಿತ್ತು. ಅಂದಿನಿಂದ ಆರು ವರ್ಷ ಅಣ್ಣತಂಗಿಯ ನಡುವೆ ಮಾತಿಲ್ಲ. ಅಳಿಯ ಮಾತ್ರ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಮಾಮನ ಅಂಗಡಿ ಸೋರಿ ಬಟ್ಟೆಯ ಗಂಟುಗಳು ತೋಯುತ್ತಿವೆ ಎಂದು ಕೇಳಿ, ಸೋರುವ ಚಾವಣಿ ತೆಗೆಸಿ ಹೊಸ ಮಾಳಿಗೆ ಹಾಕಿಸಲು ರೊಕ್ಕ ತಾನೇ ಕಳಿಸುತ್ತೇನೆ ಎಂದಿದ್ದ.

ದಿಗಂಬರ: ಆಕಿ ಮುಂದ ಕೈ ಚಾಚಂಗಿಲ್ಲ ನಾ. ಟ್ಯಾಕ್ಸೇ ಕಟ್ತೀನಿ.

ಪಾರ್ವತಿಬಾಯಿ: ಕಟ್ರಿ. ಉಳಿದದ್ರಾಗ ಮುಕ್ಕಾಲು ಮಾಳಿಗಿ ಆಗ್ತದ. ಸೋರೋ ಕಾಲು ಭಾಗದಾಗ ನಿಮ್ಮ ಗಾದಿ ಹಾಕಸ್ತೀನಿ.

ವಸೀಮ್ ಡ್ರಾಯರಿನಿಂದ ಒಂದು ಕಾಗದ ತೆಗೆದ.

ವಸೀಮ್: ದಾನಪತ್ರದ ನಮೂನಿ. ‘ಅಣ್ಣನ ಮೇಲಿನ ಸಹಜ ಪ್ರೀತಿ ವಾತ್ಸಲ್ಯದಿಂದ ಕೊಟ್ಟಿರುತ್ತೇನೆ’ ಅಂತ ಅವರ ಸಹಿ. ‘ಅದೇ ಪ್ರೀತಿಯಿಂದ ಸ್ವೀಕರಿಸಿರುತ್ತೇನೆ’ ಅಂತ ನಿಮ್ಮದು.

ದಿಗಂಬರ: ಈ ಪ್ರೀತಿ ಅನ್ನೋದು ತೆಗಿಯಾಕ ಬರ್ತದೇನ್ರಿ?

ವಸೀಮ್: ಪ್ರೀತಿ ತೆಗದ್ರ ಬರೀ ಮೂರು ಲಕ್ಷ ಉಳಿತದ ಸಾವಕಾರ್ರ. ಅದಕ್ಕ ಟ್ಯಾಕ್ಸ್ ಅದ.

ದಿಗಂಬರ ಕಾಗದವನ್ನು ಮೊದಲಿನಿಂದ ಓದಿ ಮುಗಿಸುವಷ್ಟರಲ್ಲಿ ಪಾರ್ವತಿಬಾಯಿ ನಾದಿನಿಗೆ ಫೋನು ಹಚ್ಚಿ, ವಿಷಯವೆಲ್ಲ ಹೇಳಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಿದ್ದಳು.

ಗಯಾಬಾಯಿ: ಕೊಡ್ತೀನಿ ಅಂತ ಹೇಳ್ರಿ ವೈನಿ. ನನಗ ಇರಾಂವ ಒಬ್ಬನೇ ಅಣ್ಣ. ಆದ್ರ ಬರೋವಾಗ ಒಂದ್ ಸೀರಿ ತರಲಿ.

ದಿಗಂಬರ: ಮತ್ತ ಕಮಳಾಬಾಯಿಗಿ ಉಡಸಾಕೇನು, ಕೇಳು ಆಕಿನ್ನ.

ಗಯಾಬಾಯಿ: ಕೇಳಸ್ತು. ವೈನಿ, ಆ ಸೀರಿ ಮೂರ್ ವರ್ಷ ನಿಮ್ಮ ಅಂಗಡಿ ಬಾಗಿಲಾಗ ಗೊಂಬಿ ಉಟ್ಟಿತ್ತು. ಎಡಗಡಿ ಹೆಗಲು ಬಿಸಿಲಿಗಿ ಬೆಳ್ಳಗಾಗಿತ್ತು. ಬಂದಾಗೊಮ್ಮಿ ನೋಡೀನಿ, ಗುರ್ತು ಸಿಗಂಗಿಲ್ಲೇನು?

ದಿಗಂಬರ ಹೆಂಡತಿಯ ಕಡೆ ನೋಡಿದ. ಅವಳು ಒಂದೇ ಶೇಂಗಾಕಾಯಿಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದಳು. ಆರು ವರ್ಷದಿಂದ ಇವಳಿಗೂ ಗೊತ್ತಿತ್ತು! ಅವನು ಮೆಲ್ಲಗೆ ಕುರ್ಚಿಯಲ್ಲಿ ಕುಳಿತ. ಪೆನ್ನಿಗೆ ಕೈ ಚಾಚಿದ.

ದಿಗಂಬರ: ವಸೀಮಭಾಯಿ, ಅಣ್ಣ ತಂಗಿಗಿ ಸೀರಿ ಕೊಟ್ರ ಏನರೆ ಕಾಗದ ತೋರಸಬೇಕೇನ್ರಿ?

ವಸೀಮ್: ಏನೂ ಬ್ಯಾಡ್ರಿ. ಸರ್ಕಾರ ಕೇಳಂಗಿಲ್ಲ.

ಗಯಾಬಾಯಿ: ಸರ್ಕಾರ ಕೇಳಂಗಿಲ್ಲ, ನಾ ಕೇಳ್ತೀನಿ. ಬಿಲ್ ಬೇಕು. ಅದೂ ಬ್ಯಾರೆ ಅಂಗಡಿದು!